ಗೇರ್ ಎಣ್ಣೆಯ ಬಣ್ಣ

ಬೇಸಿಗೆ ರಜೆಯಲ್ಲಿ ಏನು ಮಾಡಿದಿರಿ ಎಂದು ಬರೆದುಕೊಡಿ ಎಂದು ಕನ್ನಡ ಉಪನ್ಯಾಸಕರು ಹೇಳಿದಾಗ ನನ್ನ ಪಕ್ಕದವನು ಊಟಿ ಪ್ರವಾಸದ ಬಗ್ಗೆ ಬರೆಯುತ್ತೇನೆ ಎಂದ. ನಾನು ಎಲ್ಲಿಗೂ ಹೋಗಿರಲಿಲ್ಲ. ಮೇ ತಿಂಗಳು ಪೂರ್ತಿ ಗಂಗೊಳ್ಳಿಯಲ್ಲಿ, ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಇದ್ದೆ. ಅಲ್ಲಿ ಅಬ್ಬಾ ದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುತ್ತಾರೆ. ಈ ವರ್ಷದ ಮೇ ತಿಂಗಳ ಬಗ್ಗೆ ಬರೆಯಬೇಕಾದರೆ ಕಳೆದ ವರ್ಷದ ಮೇ ತಿಂಗಳಿಂದಲೇ ಶುರು ಮಾಡಬೇಕು.

ಔಟ್‌ಬೋರ್ಡ್ ಎಂಜಿನ್ ನೋಡದವರಿಗೆ ಮೊದಲು ಎರಡು ಮಾತು. ಇದು ದೋಣಿಯ ಹೊಟ್ಟೆಯೊಳಗೆ ಇರುವ ಎಂಜಿನ್ ಅಲ್ಲ. ದೋಣಿಯ ಹಿಂಬದಿಯ ಹಲಗೆಗೆ ಎರಡು ತಿರುಪಿನಿಂದ ಕಚ್ಚಿಸಿ ನಿಲ್ಲಿಸುವಂಥದ್ದು. ಮೇಲೆ ತಲೆ, ನಡುವೆ ಉದ್ದನೆಯ ಕಾಲು, ನೀರಿನೊಳಗೆ ಇಳಿಯುವ ಕಡೆ ಗೇರ್ ಪೆಟ್ಟಿಗೆ, ಅದರ ತುದಿಗೆ ಪ್ರೊಪೆಲರ್. ಪ್ರೊಪೆಲರ್‌ಗೆ ನಮ್ಮಲ್ಲಿ ಎಲ್ಲರೂ ಫ್ಯಾನು ಎನ್ನುತ್ತಾರೆ. ನಾಡದೋಣಿಯವರು ಹೆಚ್ಚಾಗಿ ಇಟ್ಟುಕೊಂಡಿರುವುದು ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್. ಹಗ್ಗ ಎಳೆದು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಬೇಕು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು, ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಎಷ್ಟು ಎಳೆದರೂ ಏಳುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದು ಕರಾವಳಿಯವರಿಗೆಲ್ಲ ಗೊತ್ತು. 10 ಎಚ್‌ಪಿ ತನಕದ ಎಂಜಿನ್ ಇರುವ ನಾಡದೋಣಿಗಳಿಗೆ ಮಳೆಗಾಲದಲ್ಲೂ ಅವಕಾಶವಿದೆ. ಆದರೆ ಅವಕಾಶ ಇದೆ ಎಂದು ಕಡಲು ಬಿಡಬೇಕಲ್ಲ! ಜೂನ್ ತಿಂಗಳ ತೆರೆ ನೋಡಿದವರು ದೋಣಿಯನ್ನು ದಡದ ಮೇಲೆ ಎಳೆದು ತೆಂಗಿನ ಗರಿ ಮುಚ್ಚಿ, ಎಂಜಿನ್ ಬಿಚ್ಚಿ ನಮ್ಮ ಶೆಡ್ಡಿಗೆ ತರುತ್ತಾರೆ. ಹೀಗೆ ಮೇ ಕೊನೆಯ ವಾರದಲ್ಲಿ ನಮ್ಮಲ್ಲಿ ಹನ್ನೆರಡು, ಹದಿನಾಲ್ಕು ಎಂಜಿನ್ ಸೇರುತ್ತವೆ. ಅವುಗಳನ್ನು ತೊಳೆದು, ಒಣಗಿಸಿ, ಎಣ್ಣೆ ಹಾಕಿ ಮಲಗಿಸುವುದು ಕೆಲಸ. ಮಲಗಿಸುವುದು ಎಂದು ಬಾಯಿಮಾತಿಗೆ ಹೇಳುವುದಷ್ಟೆ, ನಿಜವಾಗಿ ನಿಲ್ಲಿಸಿಯೇ ಇಡಬೇಕು. ಕಾಲು ಮೇಲೆ, ತಲೆ ಕೆಳಗೆ ಆಗುವಂತೆ ಇಟ್ಟರೆ ಕಾಲಿನಲ್ಲಿ ಉಳಿದ ನೀರು ಇಳಿದು ಸಿಲಿಂಡರಿಗೆ ಹೋಗುತ್ತದೆ.

ಎಂಜಿನ್ ಜೊತೆ ಬಂದ ಇಂಗ್ಲಿಷ್ ಮ್ಯಾನುಯಲ್ ಒಂದು ಶೆಡ್ಡಿನಲ್ಲಿದೆ. ಎಣ್ಣೆ ಹಿಡಿದು ಹಾಳೆ ಕನ್ನಡಿಯಂತೆ ಆಗಿದೆ. ಅದರಲ್ಲಿ ಈ ಕೆಲಸಕ್ಕೆ ಚಳಿಗಾಲಕ್ಕೆ ಮೊದಲಿನ ಸಿದ್ಧತೆ ಎಂದಿದೆ. ನೀರು ಒಳಗೆ ಉಳಿದರೆ ಹೆಪ್ಪುಗಟ್ಟಿ ಗೇರ್ ಪೆಟ್ಟಿಗೆ ಒಡೆಯುತ್ತದೆ ಎಂಬ ಎಚ್ಚರಿಕೆಯೂ ಇದೆ. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ ಎಂದು ವಿಜ್ಞಾನದಲ್ಲಿ ಓದಿದ್ದು ನನಗೆ ಆಗ ನೆನಪಾಯಿತು. ಔಟ್‌ಬೋರ್ಡ್ ಎಂಜಿನನ್ನು ವ್ಯಾಪಾರಕ್ಕೆ ಬರುವಂತೆ ಮಾಡಿದವರು ಓಲೆ ಎವಿನ್‌ರೂಡ್, ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು, 1909ರ ಹೊತ್ತಿಗೆ ಮಿಲ್ವಾಕಿಯಲ್ಲಿ ಮಾಡಿದ್ದು. ಅದು ಕೆರೆಗಳೇ ಹೆಪ್ಪುಗಟ್ಟುವ ಸೀಮೆ. ಹಾಗಾಗಿ ಅವರಿಗೆ ಚಳಿಗಾಲದ ಚಿಂತೆ. ಅಬ್ಬಾರಿಗೆ ಇದನ್ನು ಓದಿ ಹೇಳಿದರೆ ನಕ್ಕರು. ನಮ್ಮಲ್ಲಿ ಮಂಜುಗಡ್ಡೆ ಮೀನಿನ ಪೆಟ್ಟಿಗೆಯಲ್ಲಿ ಮಾತ್ರ, ಚಳಿಗಾಲ ಎಂದರೆ ನಮಗೆ ಒಳ್ಳೆಯ ಸೀಸನ್ ಎಂದರು. ನಮ್ಮ ಶತ್ರು ಉಪ್ಪು ಮತ್ತು ಮಳೆಗಾಲದ ತೇವ. ಆದರೆ ಮಾಡುವ ಕೆಲಸ ಹೆಚ್ಚುಕಡಿಮೆ ಅದೇ.

ಮೊದಲು ಸಿಹಿನೀರು. ದೊಡ್ಡ ಡ್ರಮ್ಮಿಗೆ ಬಾವಿ ನೀರು ತುಂಬಿಸಿ, ಎಂಜಿನನ್ನು ಅದರಲ್ಲಿ ಇಳಿಸಿ, ಹತ್ತು ಹದಿನೈದು ನಿಮಿಷ ಓಡಿಸಬೇಕು. ಎಂಜಿನ್ ತಂಪಾಗಲು ಕಡಲ ನೀರನ್ನೇ ಎಳೆದುಕೊಂಡು ಹೊರಗೆ ಬಿಡುತ್ತಿರುತ್ತದೆ, ಆ ದಾರಿಯಲ್ಲೆಲ್ಲ ಉಪ್ಪು ಕೂತಿರುತ್ತದೆ. ಎಂಜಿನ್ ಸರಿಯಾಗಿ ಬಿಸಿಯಾದ ಮೇಲೆಯೇ ಒಳಗಿನ ಎಲ್ಲ ದಾರಿಯೂ ತೆರೆದು ನೀರು ಪೂರ್ತಿ ಸುತ್ತುವುದು. ಎರಡು ನಿಮಿಷ ಓಡಿಸಿ ಆಯಿತು ಎನ್ನುವವರಿದ್ದಾರೆ, ಅವರದ್ದು ಹೊರಗಿನ ಕಾಲು ಮಾತ್ರ ತೊಳೆದಂತೆ. ನೀರಿಲ್ಲದೆ ಓಡಿಸುವುದಂತೂ ಕೂಡದು. ನೀರೆತ್ತುವ ಪಂಪಿನೊಳಗೆ ರಬ್ಬರಿನ ಚಕ್ರವಿದೆ, ಒಣಗಿದ್ದು ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹೋಗುತ್ತದೆ.

ಹಾಗೆ ಓಡುತ್ತಿರುವಾಗಲೇ ಇಂಧನದ ಪೈಪ್ ಕಳಚಬೇಕು. ಕಾರ್ಬ್ಯುರೇಟರಿನಲ್ಲಿ ಇರುವಷ್ಟು ಮುಗಿಸಿ ಎಂಜಿನ್ ತಾನಾಗಿ ನಿಲ್ಲುತ್ತದೆ. ಉಳಿದ ಎರಡು ಹನಿಯನ್ನೂ ಕೆಳಗಿನ ಸ್ಕ್ರೂ ತೆಗೆದು ಬಿಡಬೇಕು. ಇಲ್ಲದಿದ್ದರೆ ಎರಡು ತಿಂಗಳಲ್ಲಿ ಅದು ಅಂಟಾಗಿ, ಸೂಜಿಯ ಮೊನೆಯಷ್ಟಿರುವ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸ್ವಲ್ಪ ಟೂ ಸ್ಟ್ರೋಕ್ ಎಣ್ಣೆ ಹಾಕಿ, ಹಗ್ಗವನ್ನು ನಿಧಾನವಾಗಿ ನಾಲ್ಕೈದು ಸಲ ಎಳೆದರೆ ಒಳಗೆಲ್ಲ ಎಣ್ಣೆ ಸವರಿದಂತಾಗುತ್ತದೆ. ಆಗಸ್ಟಿನಲ್ಲಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ಈ ಎಣ್ಣೆಯೆಲ್ಲ ಬಿಳಿ ಹೊಗೆಯಾಗಿ ಹಿತ್ತಲು ತುಂಬುತ್ತದೆ. ಅಮ್ಮಿ ಒಗೆದು ಹಾಕಿದ ಬಟ್ಟೆ ಎತ್ತಿಕೊಂಡು ಓಡುತ್ತಾ ನಮ್ಮಿಬ್ಬರಿಗೂ ಬೈಯುವುದು ಪ್ರತಿ ವರ್ಷ ಇದ್ದದ್ದೇ.

ಕಾಲಿನ ಹತ್ತಿರ ಒಂದು ಸತುವಿನ ತುಂಡು ಬೋಲ್ಟ್ ಮಾಡಿರುತ್ತದೆ. ಉಪ್ಪುನೀರು ಅಲ್ಯೂಮಿನಿಯಂ ತಿನ್ನುವ ಬದಲು ಮೊದಲು ಇದನ್ನು ತಿನ್ನುತ್ತದೆ. ಅರ್ಧ ಸವೆದಿದ್ದರೆ ಹೊಸದು ಹಾಕಬೇಕು. ಚಂದ ಕಾಣಲಿ ಎಂದು ಕೆಲವರು ಅದಕ್ಕೂ ಬಣ್ಣ ಬಳಿದು ತರುತ್ತಾರೆ, ಬಣ್ಣ ಬಳಿದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಗ್ರೀಸ್ ಹಾಕುವುದು, ಹಳೆ ಬೆಡ್‌ಶೀಟ್ ಹೊದಿಸುವುದು ಕೊನೆಗೆ. ಪ್ಲಾಸ್ಟಿಕ್ ಸುತ್ತಬಾರದು, ಒಳಗೆ ಬೆವರುತ್ತದೆ.

ಗೇರ್ ಎಣ್ಣೆಯ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ಗೇರ್ ಪೆಟ್ಟಿಗೆಗೆ ಎರಡು ಸ್ಕ್ರೂ, ಮೇಲೊಂದು, ಕೆಳಗೊಂದು. ಎರಡನ್ನೂ ತೆಗೆದರೆ ಹಳೆ ಎಣ್ಣೆ ಪೂರ್ತಿ ಇಳಿಯುತ್ತದೆ. ಹೊಸದನ್ನು ಕೆಳಗಿನ ತೂತಿನಿಂದಲೇ ತುಂಬಿಸಬೇಕು, ಮೇಲಿನ ತೂತಿನಿಂದ ಹೊರಬರುವ ತನಕ. ಆಗ ಒಳಗೆ ಗಾಳಿ ಉಳಿಯುವುದಿಲ್ಲ. ಮೊದಲು ಮೇಲಿನ ಸ್ಕ್ರೂ ಹಾಕಿ ಆಮೇಲೆ ಕೆಳಗಿನದು. ಇಳಿಯುವ ಹಳೆ ಎಣ್ಣೆ ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಹಾಕಿದ ಚಹಾದ ಹಾಗೆ ಇದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಹೆಚ್ಚಾಗಿ ಬಲೆಯ ನೂಲು ಫ್ಯಾನಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ದಿರುತ್ತದೆ. ಆಗ ಫ್ಯಾನು ಬಿಚ್ಚಿ ಸೀಲು ಬದಲಾಯಿಸದೆ ಬೇರೆ ದಾರಿಯಿಲ್ಲ.

ಕಳೆದ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ, ಒಳ್ಳೆ ಅಂಕ ಬಂದ ಗಮ್ಮತ್ತಿನಲ್ಲಿ ನಾನಿದ್ದೆ. ಕಾಮರ್ಸ್ ಸೇರುವುದು ಖಚಿತವಾಗಿತ್ತು. ಆ ಹುರುಪಿನಲ್ಲಿ ಒಂದು ಉದ್ದ ನೋಟ್‌ಬುಕ್ ತಂದು ಗೆರೆ ಎಳೆದು ಶೆಡ್ಡಿಗೆ ದಾಖಲೆ ಪುಸ್ತಕ ಮಾಡಿದೆ. ಎಡಗಡೆ ಎಂಜಿನ್ ಯಾರದು ಎಂದು, ಮುಂದಕ್ಕೆ ಒಂದೊಂದು ಕೆಲಸಕ್ಕೆ ಒಂದೊಂದು ಕಾಲಂ: ಸಿಹಿನೀರು, ಇಂಧನ, ಪ್ಲಗ್, ಗೇರ್ ಎಣ್ಣೆ, ಸತು, ಗ್ರೀಸ್. ಮುಗಿದ ಹಾಗೆ ಕೆಂಪು ಪೆನ್ನಿನಲ್ಲಿ ಟಿಕ್. ಅಬ್ಬಾ ಅದನ್ನು ಬಂದವರಿಗೆಲ್ಲ ತೋರಿಸಿದರು. ಅವರು ಅಲ್ಲಿಯವರೆಗೆ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದವರು.

ಮೇ 30ರ ಸಂಜೆ ಒಂದೇ ಒಂದು ಎಂಜಿನ್ ಉಳಿದಿತ್ತು. 9.9 ಎಚ್‌ಪಿ. ಅದರ ಯಜಮಾನರನ್ನು ನಾವು ಹಳದಿ ದೋಣಿಯವರು ಎಂದೇ ಕರೆಯುವುದು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅಬ್ಬಾ ಕುಂದಾಪುರಕ್ಕೆ ಹೋಗಿದ್ದರು. ನಾನು ಡ್ರಮ್ಮಿನಲ್ಲಿ ಓಡಿಸಿದೆ, ಇಂಧನ ಖಾಲಿ ಮಾಡಿದೆ, ಪ್ಲಗ್ಗಿಗೆ ಎಣ್ಣೆ ಹಾಕಿದೆ. ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಎರಡು ಮೂರು ಹನಿ ಬಿತ್ತು. ಹಾಲು ಹಾಕಿದ ಚಹಾ.

ಡಬ್ಬದಲ್ಲಿ ಹೊಸ ಗೇರ್ ಎಣ್ಣೆ ಇರಲಿಲ್ಲ. ಸೀಲು ಬದಲಾಯಿಸಲು ನನಗೊಬ್ಬನಿಗೆ ಬರುವುದಿಲ್ಲ. ಗೇಟಿನ ಹೊರಗೆ ಗೆಳೆಯರು ಬ್ಯಾಟು ಹಿಡಿದು ಕೂಗುತ್ತಿದ್ದರು, ಮಗ್ರಿಬ್‌ಗೆ ಇನ್ನು ಮುಕ್ಕಾಲು ಗಂಟೆ ಮಾತ್ರ ಇತ್ತು. ನಾನು ಸ್ಕ್ರೂ ಮತ್ತೆ ಬಿಗಿ ಮಾಡಿದೆ, ಹನಿ ಬಿದ್ದ ನೆಲವನ್ನು ಬಟ್ಟೆಯಿಂದ ಒರೆಸಿದೆ, ಗ್ರೀಸ್ ಹಾಕಿದೆ, ಎಲ್ಲ ಕಾಲಂಗೂ ಟಿಕ್ ಹಾಕಿದೆ. ಅಬ್ಬಾರಿಗೆ ನಾಳೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಜೂನ್ ತಿಂಗಳಲ್ಲಿ ಶೆಡ್ಡಿಗೆ ಹೋದಾಗಲೆಲ್ಲ ಆ ಎಂಜಿನ್ ಕಾಣುತ್ತಿತ್ತು. ಮೇಲೆ ಹೊದಿಸಿದ್ದು ನನ್ನದೇ ಹಳೆಯ ನೀಲಿ ಬೆಡ್‌ಶೀಟ್. ಪುಸ್ತಕದಲ್ಲಿ ಟಿಕ್ ಬಿದ್ದಾಗಿದೆ, ಈಗ ಹೇಳಿದರೆ ಟಿಕ್ ಯಾಕೆ ಹಾಕಿದೆ ಎಂಬ ಪ್ರಶ್ನೆ ಬರುತ್ತದೆ. ದಿನ ಹೋದಂತೆ ಹೇಳುವುದು ಸುಲಭವಾಗಲಿಲ್ಲ, ಕಷ್ಟವೇ ಆಯಿತು.

ಅಬ್ಬಾ ಶೆಡ್ಡಿನಲ್ಲಿರುವ ಎಂಜಿನ್‌ಗಳಿಗೆ ಅಮಾನತ್ ಎನ್ನುತ್ತಾರೆ. ಉರ್ದುವಿನಲ್ಲಿ ಹಾಗೆಂದರೆ ಒಬ್ಬರು ನಂಬಿ ನಮ್ಮಲ್ಲಿ ಇಟ್ಟುಹೋದ ವಸ್ತು. ಚಿಕ್ಕಂದಿನಲ್ಲಿ ಕನ್ನಡ ಪತ್ರಿಕೆಯಲ್ಲಿ 'ಅಧಿಕಾರಿ ಅಮಾನತು' ಎಂಬ ಶೀರ್ಷಿಕೆ ನೋಡಿದಾಗ, ಯಾರೋ ಆ ಅಧಿಕಾರಿಯನ್ನು ಜೋಪಾನ ಮಾಡಲು ಇನ್ನೊಬ್ಬರ ಮನೆಯಲ್ಲಿ ಇಟ್ಟಿದ್ದಾರೆ ಎಂದೇ ನಾನು ತಿಳಿದಿದ್ದೆ. ಕೆಲಸದಿಂದ ತೆಗೆದು ಕೂರಿಸಿದ್ದಾರೆ ಎಂದು ಗೊತ್ತಾದದ್ದು ಏಳನೇ ತರಗತಿಯಲ್ಲಿ, ಇಡೀ ಕ್ಲಾಸು ನಕ್ಕ ಮೇಲೆ.

ಆಗಸ್ಟಿನಲ್ಲಿ ಹಳದಿ ದೋಣಿಯವರು ಎಂಜಿನ್ ಒಯ್ದರು. ಸ್ಟಾರ್ಟ್ ಆಯಿತು, ಹೊಗೆ ಬಂತು, ಅಮ್ಮಿ ಬೈದರು. ನನಗೆ ಎದೆ ಹಗುರಾಯಿತು, ಏನೂ ಆಗಲಿಲ್ಲವಲ್ಲ ಎಂದು. ಎರಡು ದಿನ ಕೆಳಗಿನಿಂದ ಒಂಥರಾ ಗುಂಯ್ ಎಂಬ ಸದ್ದು ಬರುತ್ತಿತ್ತಂತೆ. ಮೂರನೆಯ ದಿನ ಬೆಳಿಗ್ಗೆ ಬಲೆ ಎಳೆದುಕೊಂಡು ವಾಪಸು ಬರುವಾಗ, ಅಳಿವೆಯ ಹತ್ತಿರ, ಎಂಜಿನ್ ಒಮ್ಮೆಲೇ ಜೋರಾಗಿ ಕಿರುಚಿತು, ದೋಣಿ ಮಾತ್ರ ನಿಂತಿತು. ಫ್ಯಾನು ತಿರುಗುತ್ತಿರಲಿಲ್ಲ.

ನಮ್ಮ ಅಳಿವೆ ನೋಡಿದವರಿಗೆ ಇದರ ಅರ್ಥ ಗೊತ್ತಾಗುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇಟಕ ಎಂಬ ಐದು ನದಿಗಳ ನೀರು ಪಂಚಗಂಗಾವಳಿಯಾಗಿ ಒಂದೇ ಬಾಯಿಯಲ್ಲಿ ಕಡಲಿಗೆ ಬೀಳುವ ಜಾಗ ಅದು. ಮಳೆಗಾಲದ ಕೆಂಪು ನೀರು ಹೊರಕ್ಕೆ ನೂಕುತ್ತದೆ, ಕಡಲ ತೆರೆ ಒಳಕ್ಕೆ ನೂಕುತ್ತದೆ. ಎಂಜಿನ್ ಇಲ್ಲದ ದೋಣಿ ಅಲ್ಲಿ ಅಡ್ಡ ತಿರುಗಿದರೆ ಮುಗಿಯಿತು. ದೋಣಿಯಲ್ಲಿ ಮೂವರಿದ್ದರು, ಅವರಲ್ಲಿ ಒಬ್ಬ ಹಳದಿ ದೋಣಿಯವರ ಮಗ. ಅವನು ನನಗಿಂತ ಎರಡು ವರ್ಷ ದೊಡ್ಡವನು. ಲಂಗರು ಹಾಕಿ ಹಿಡಿದು ನಿಂತರು. ಹಿಂದೆ ಬರುತ್ತಿದ್ದ ಇನ್ನೊಂದು ದೋಣಿಯವರು ಹಗ್ಗ ಎಸೆದು ಎಳೆದುತಂದರು. ಲಂಗರು ಬಿಟ್ಟರೆ ಬೇರೆ ಏನೂ ಹೋಗಲಿಲ್ಲ.

ನಾನು ಕಾಲೇಜು ಮುಗಿಸಿ ಮನೆಗೆ ಬರುವಾಗ ಎಂಜಿನ್ ಶೆಡ್ಡಿನ ಮೇಜಿನ ಮೇಲಿತ್ತು. "ಸಾಯ್ಬ್ರೇ, ಎಷ್ಟ್ ದಿನ ಆತ್?" ಎಂದು ಹಳದಿ ದೋಣಿಯವರು ಕೇಳುತ್ತಿದ್ದರು. ಅಬ್ಬಾ ಉತ್ತರ ಕೊಡದೆ ಗೇರ್ ಪೆಟ್ಟಿಗೆ ಬಿಚ್ಚುತ್ತಿದ್ದರು. ಗೇರಿನ ಹಲ್ಲುಗಳು ಮುರಿದಿದ್ದವು, ಬೇರಿಂಗ್ ಪುಡಿಯಾಗಿತ್ತು. ಅಬ್ಬಾ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರು. ಒಳಗೆ ಒಂದು ಮಟ್ಟದಿಂದ ಕೆಳಗೆ ತುಕ್ಕು, ಮೇಲೆ ಹೊಳಪು. ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ. ಎಣ್ಣೆಗಿಂತ ನೀರು ಭಾರ, ಓಡದೆ ನಿಂತಾಗ ಬೇರೆಯಾಗಿ ಅಡಿಗೆ ಇಳಿಯುತ್ತದೆ. ಓಡುವ ಎಂಜಿನಿನಲ್ಲಿ ಹಾಗೆ ನೇರ ಗೆರೆ ಬೀಳುವುದಿಲ್ಲ. "ಪಾನಿ ಖಡಾ ಥಾ," ಎಂದರು ಅಬ್ಬಾ, ತಮ್ಮಷ್ಟಕ್ಕೆ. ನೀರು ನಿಂತಿತ್ತು. ಆಮೇಲೆ ಕೈ ಒರೆಸಿಕೊಂಡು ನನ್ನ ಪುಸ್ತಕ ತೆಗೆದು ಆ ಸಾಲು ನೋಡಿದರು. ನನ್ನ ಕಡೆ ನೋಡಿದರು. ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟು, "ತಪ್ಪು ನಮ್ಮದು, ದುಡ್ಡು ಬೇಡ," ಎಂದು ಹಳದಿ ದೋಣಿಯವರಿಗೆ ಹೇಳಿದರು.

ರಾತ್ರಿ ಊಟಕ್ಕೆ ಕೂತಾಗ ಇಷ್ಟೇ ಹೇಳಿದ್ದು: "ಕಲ್ ಜಾಕೊ ಬೋಲ್." ನಾಳೆ ಹೋಗಿ ಹೇಳು.

ಮರುದಿನ ಸಂಜೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಮೂರು ಹನಿ, ಕ್ರಿಕೆಟ್, ಟಿಕ್, ಎಲ್ಲ. ಅವರ ಕೈ ನಿಲ್ಲಲಿಲ್ಲ. "ಅಪ್ಪಯ್ಯ ಹೇಳಿ ಕಳ್ಸದ್ರಾ?" ಎಂದು ಕೇಳಿದರು. ಹೌದು ಎಂದೆ.

"ನೀನಾಯೇ ಬಪ್ಪುಕೆ ಆಯ್ಲಿಲ್ಯಾ?"

ಬೈದಿದ್ದರೆ ಒಳ್ಳೆಯದಿತ್ತು. ಅವರ ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ, ಅವನೂ ಏನೂ ಹೇಳಲಿಲ್ಲ. ಅವರ ಮನೆಯವರು ಒಳಗಿನಿಂದ ಚಹಾ ತಂದುಕೊಟ್ಟರು. ಹಾಲು ಹಾಕಿದ ಚಹಾ. ಅದನ್ನು ಹೇಗೆ ಕುಡಿದು ಮುಗಿಸಿದೆನೋ ನನಗೇ ಗೊತ್ತು.

ಗೇರ್ ಸೆಟ್ಟು ಮಂಗಳೂರಿನಲ್ಲಿ ಸಿಗದೆ ಕೊಚ್ಚಿಯಿಂದ ಬರಬೇಕಾಯಿತು. ಹನ್ನೊಂದು ದಿನ. ವರ್ಷದಲ್ಲೇ ಒಳ್ಳೆಯ ದರ ಸಿಗುವ ಹನ್ನೊಂದು ದಿನ ಅವರ ದೋಣಿ ದಡದಲ್ಲಿತ್ತು. ಆ ನಷ್ಟದ ಲೆಕ್ಕ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಕಡೆ ಬಿಡಿಭಾಗಕ್ಕೆ 9,400 ರೂಪಾಯಿ ಆಯಿತು. ಅದನ್ನು ರಿಪೇರಿ ಖರ್ಚು ಎಂದು ಬರೆಯಲೇ ಎಂದು ಅಬ್ಬಾರನ್ನು ಕೇಳಿದೆ. "ನಿನ್ನ ಹೆಸರಿಗೆ ಬರೆ," ಎಂದರು. ಕಾಮರ್ಸ್ ಗೆಳೆಯರಿಗೆ ಇದು ಅರ್ಥವಾಗುತ್ತದೆ. ಅಬ್ಬಾರ ಪುಸ್ತಕದಲ್ಲಿ ನಾನೀಗ ಡೆಟರ್. ಭಾನುವಾರದ ಕೆಲಸದ ಕೂಲಿಯಲ್ಲಿ ಇಲ್ಲಿಯವರೆಗೆ 3,800 ತೀರಿಸಿದ್ದೇನೆ.

ಫಸ್ಟ್ ಪಿಯುನಲ್ಲಿ ತಪ್ಪುಗಳ ತಿದ್ದುಪಡಿ ಎಂಬ ಪಾಠ ಬಂದಾಗ, ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಪುಸ್ತಕದಲ್ಲಿ ತಪ್ಪಿಲ್ಲ ಎಂದು ತಿಳಿಯಬೇಡಿ, ಕೆಲವು ತಪ್ಪುಗಳು ತಾಳೆಯ ಒಳಗೇ ಕೂತಿರುತ್ತವೆ ಎಂದು ಅಕೌಂಟೆನ್ಸಿ ಸರ್ ಹೇಳಿದರು. ಎಲ್ಲರೂ ಬರೆದುಕೊಂಡರು. ನಾನು ಕೆಂಪು ಪೆನ್ನು ಕೆಳಗಿಟ್ಟೆ. ಸವಕಳಿಯ ಪಾಠದಲ್ಲಿ ಮಾತ್ರ ನನಗೆ ಸ್ವಲ್ಪ ತಕರಾರಿದೆ. ಆಸ್ತಿ ಸವೆಯುವುದಕ್ಕೆ ಮೊದಲ ಕಾರಣ ಬಳಕೆ ಎಂದು ಪಾಠ ಶುರುವಾಗುತ್ತದೆ. ಶೆಡ್ಡಿನಲ್ಲಿ ನಾನು ನೋಡಿದ ಮಟ್ಟಿಗೆ, ದಿನಾ ಕಡಲಿಗೆ ಹೋಗುವ ಎಂಜಿನ್‌ಗಿಂತ ಎರಡು ತಿಂಗಳು ಸುಮ್ಮನೆ ನಿಂತ ಎಂಜಿನ್‌ಗಳೇ ಹೆಚ್ಚು ಹಾಳಾಗಿ ಬರುತ್ತವೆ.

ಈ ವರ್ಷ ಪುಸ್ತಕ ಬದಲಾಯಿಸಿದೆ. ಗೇರ್ ಎಣ್ಣೆಯ ಕಾಲಂನಲ್ಲಿ ಈಗ ಟಿಕ್ ಇಲ್ಲ. ಇಳಿದ ಎಣ್ಣೆಯ ಬಣ್ಣ ಬರೆಯಬೇಕು: ಕಪ್ಪು, ಕಂದು, ಹಾಲು. ನೋಡದೆ ಅದನ್ನು ಬರೆಯಲು ಆಗುವುದಿಲ್ಲ. ಸುಳ್ಳು ಬರೆಯಬಹುದು, ಆದರೆ ಯಾವ ಸುಳ್ಳು ಎಂದು ಕೂತು ಯೋಚಿಸಬೇಕಾಗುತ್ತದೆ, ಟಿಕ್ಕಿಗೆ ಅಷ್ಟು ಶ್ರಮ ಇಲ್ಲ. ಈ ಮೇನಲ್ಲಿ ಬಂದ ಹದಿಮೂರರಲ್ಲಿ ಎರಡು ಹಾಲು. ಎರಡಕ್ಕೂ ಸೀಲು ಹಾಕಿದೆವು. ಎರಡನೆಯದನ್ನು ನಾನೇ ಕೂರಿಸಿದೆ, ಅಬ್ಬಾ ಪಕ್ಕದಲ್ಲಿ ನಿಂತಿದ್ದರು.

ಹಳದಿ ದೋಣಿಯವರು ಬರುವುದಿಲ್ಲ ಎಂದೇ ನಾನು ಎಣಿಸಿದ್ದೆ. ಬೇರೆ ಕಡೆಯೂ ಮೆಕ್ಯಾನಿಕ್‌ಗಳಿದ್ದಾರೆ. ಮೇ 28ರಂದು ಮಧ್ಯಾಹ್ನ ಲುಹರ್ ನಮಾಝ್ ಮುಗಿಸಿ ಬರುವಾಗ ಗೇಟಿನ ಹೊರಗೆ ಆಟೊ ನಿಂತಿತ್ತು, ಎಂಜಿನ್ ಇಳಿಸುತ್ತಿದ್ದರು. ಅಬ್ಬಾರಿಗೆ ಸಲಾಂ ಹೊಡೆದು, ಮೂಲೆಯಲ್ಲಿದ್ದ ಖಾಲಿ ಡ್ರಮ್ಮನ್ನು ಕವುಚಿ ಹಾಕಿ ಅದರ ಮೇಲೆ ಕೂತರು. ಬೇರೆಯವರು ಎಂಜಿನ್ ಬಿಟ್ಟು ಹೋಗುತ್ತಾರೆ, ಅವರು ಹೋಗಲಿಲ್ಲ. ಸಿಹಿನೀರಿನಲ್ಲಿ ಓಡುವ ಹೊತ್ತು, ಪ್ಲಗ್ ಬಿಚ್ಚುವ ಹೊತ್ತು, ಬೀಡಿ ಸೇದುತ್ತಾ ಬೇರೆಲ್ಲೋ ನೋಡುತ್ತಿದ್ದರು. ನಾನು ಸ್ಕ್ರೂ ಡ್ರೈವರ್ ತೆಗೆದುಕೊಂಡು ಗೇರ್ ಪೆಟ್ಟಿಗೆಯ ಹತ್ತಿರ ಕೂತಾಗ ಬೀಡಿ ಒರೆಸಿ ಆರಿಸಿ, ಎದ್ದು ಬಂದು ನನ್ನ ಹಿಂದೆ ನಿಂತರು.

"ತೆಗಿ ಮಗಾ, ಕಾಂಬ," ಎಂದರು.

ನಾನು ಬಿಳಿ ಬೋಗುಣಿ ಕೆಳಗಿಟ್ಟು ಎರಡೂ ಸ್ಕ್ರೂ ತೆಗೆದೆ. ಎಣ್ಣೆ ಪೂರ್ತಿ ಇಳಿಯುವ ತನಕ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಬೋಗುಣಿಯನ್ನು ಅವರ ಕೈಗೇ ಕೊಟ್ಟೆ. ಅವರು ಬಾಗಿಲ ಬೆಳಕಿಗೆ ಒಯ್ದು, ಆಚೀಚೆ ವಾಲಿಸಿ ನೋಡಿ, ಬೆರಳು ಅದ್ದಿ ಉಜ್ಜಿದರು.

ಕಪ್ಪು. ಪುಸ್ತಕದಲ್ಲಿ ಹಾಗೆಯೇ ಬರೆದೆ.